ಲವಣತ್ಯಾಗಿಯ ರಕ್ತ

ಟಿಕೋಟದ ಶಿವಯೋಗೆಪ್ಪ ಸತ್ತು ಬಹಳ ವರ್ಷವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಅವನು ಬದುಕಿದ್ದಾಗಲೇ, ಎದುರಿಗೇ ನಿಂತು ಆಡಿದ್ದೇನೆ. ಹಾಗಾಗಿ ಈಗ ಬರೆಯಲು ಸಂಕೋಚವಿಲ್ಲ.

ಅವನೇನು ದೊಡ್ಡ ಮನುಷ್ಯನಲ್ಲ. ಒಂದಿಷ್ಟು ಎರೆಹೊಲ, ಊರೊಳಗೆ ದನದ ಹಿಂಡಿಯ ಅಂಗಡಿ, ಬಾಗಿಲಲ್ಲಿ ಎರಡು ಎಮ್ಮೆ. ಇಂಥವರು ನಮ್ಮ ಕಡೆ ಊರಿಗೆ ಹತ್ತು ಮಂದಿ ಸಿಗುತ್ತಾರೆ. ಉಳಿದ ಒಂಬತ್ತು ಮಂದಿ ತಮ್ಮ ಎಮ್ಮೆ ಕಟ್ಟಿಕೊಂಡು ತೆಪ್ಪಗೆ ಬಾಳುತ್ತಾರೆ. ಇವನಿಗೆ ಮಾತ್ರ ಹಾರದ ಹುಚ್ಚಿತ್ತು. ಕೊರಳಿಗೆ ಬೀಳುವ ಹಾರ.

ಉಪ್ಪಿನ ಸತ್ಯಾಗ್ರಹದ ವರ್ಷ ವಿಜಾಪುರದ ಸೊಲ್ಲಾಪುರ ರಸ್ತೆಯ ಬಯಲಿನಲ್ಲಿ ದೊಡ್ಡ ಸಭೆ ನಡೆಯಿತು. ಕೆಲವರು ಕಾಯ್ದೆ ಮುರಿಯುತ್ತೇವೆಂದು ಹೆಸರು ಕೊಟ್ಟರು. ಅವರನ್ನು ಪೊಲೀಸರು ಬಡಿದರು, ಎಳೆದುಕೊಂಡು ಹೋದರು, ಜೈಲಿನ ಹುಳುಬಿದ್ದ ಜೋಳ ತಿನ್ನಿಸಿದರು. ಶಿವಯೋಗೆಪ್ಪ ಹೆಸರು ಕೊಡಲಿಲ್ಲ. ವೇದಿಕೆ ಹತ್ತಿ ಎದೆ ತಟ್ಟಿಕೊಂಡು, "ಸ್ವರಾಜ್ಯ ಬರೂತನಕ ಈ ಸರಕಾರದ ಉಪ್ಪು ನನ್ನ ಒಡಲಾಗ ಹೋಗೂದಿಲ್ಲ!" ಎಂದ. ಜನ ಚಪ್ಪಾಳೆ ಹೊಡೆದರು. ಹಾರ ಬಿತ್ತು. ಜೈಲಿಗೆ ಹೋದವರ ಕೊರಳಿಗೆ ಬಿದ್ದದ್ದಕ್ಕಿಂತ ದಪ್ಪ ಹಾರ.

ಇಲ್ಲಿ ಒಂದು ಮಾತು. ಉಪವಾಸದ ದಿನ ನಮ್ಮ ಮಂದಿ ಅಡುಗೆ ಉಪ್ಪು ಬಿಟ್ಟು ಸೈಂಧವ ತಿನ್ನುತ್ತಾರೆ. ಅದು ಗಣಿಯಿಂದ ಅಗೆದು ತೆಗೆಯುವ ಉಪ್ಪು. ಅದನ್ನು ತಿಂದರೆ ಉಪವಾಸ ಕೆಡುವುದಿಲ್ಲ ಎಂಬುದು ಹಿಂದಿನಿಂದ ಬಂದ ಒಪ್ಪಂದ. ಶಿವಯೋಗೆಪ್ಪ ವ್ರತ ಹಿಡಿದ ಮೂರನೆಯ ದಿನವೇ ಮನೆಗೆ ಸೈಂಧವದ ದೊಡ್ಡ ಗಡ್ಡೆ ತರಿಸಿದ. "ಅದು ಉಪ್ಪಲ್ಲ, ಕಲ್ಲು" ಎಂದು ಕೇಳಿದವರಿಗೆಲ್ಲ ತಿಳಿಹೇಳಿದ. ಆ ಕಲ್ಲೂ ಪಂಜಾಬದ ಗಣಿಯಿಂದ ಅದೇ ಸರಕಾರಕ್ಕೆ ಸುಂಕ ಕಟ್ಟಿಯೇ ರೈಲು ಹತ್ತುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅವರ ಜೊತೆ ಮಾತು ಬಿಟ್ಟ. ಅವನ ಹೆಂಡತಿ ನೀಲಾಬಾಯಿ ದಿನಾ ಎರಡು ಗಡಿಗೆ ಪಲ್ಯ ಮಾಡಬೇಕಾಯಿತು, ಮಂದಿಗೆ ಒಂದು, ಮಹಾತ್ಯಾಗಿಗೆ ಇನ್ನೊಂದು. ಅವಳು ಆ ಸೈಂಧವವನ್ನು ಒರಳಿನಲ್ಲಿ ಕುಟ್ಟುವಾಗ ಓಣಿಯ ತುದಿಗೂ ಕೇಳುವಂತೆ ಕುಟ್ಟುತ್ತಿದ್ದಳು.

ನಲವತ್ತೆರಡರ ಚಳವಳಿಯಲ್ಲಿ ನಮ್ಮವರು ತಂತಿ ಕಡಿದು ಹೊಲಗಳಲ್ಲಿ ಅಡಗಿಕೊಂಡಾಗ ಇವನು ಸೊಲ್ಲಾಪುರದಲ್ಲಿ ಹಿಂಡಿ ಖರೀದಿ ಮಾಡುತ್ತಿದ್ದ. ಗದ್ದಲ ತಣ್ಣಗಾದ ಮೇಲೆ ಬಂದ, ಮತ್ತೆ ವೇದಿಕೆ ಹತ್ತಿದ. ಅಷ್ಟೊತ್ತಿಗೆ ಕರಪತ್ರಗಳಲ್ಲಿ ಅವನ ಹೆಸರಿನ ಮುಂದೆ 'ಲವಣತ್ಯಾಗಿ' ಎಂದು ಅಚ್ಚಾಗತೊಡಗಿತ್ತು. ನಲವತ್ತಾರು ಬಂದಾಗ ಸ್ವರಾಜ್ಯ ಇನ್ನೇನು ಬಾಗಿಲಿಗೆ ಬಂತು ಎಂಬುದು ಕುರಿ ಕಾಯುವವನಿಗೂ ಗೊತ್ತಾಯಿತು. ಅದು ಬಂದರೆ ಕಮಿಟಿಗಳು, ಕಮಿಟಿಗಳಿದ್ದರೆ ಕುರ್ಚಿಗಳು. ಒಂದು ಕುರ್ಚಿಯ ಮೇಲೆ ಶಿವಯೋಗೆಪ್ಪನ ಕಣ್ಣಿತ್ತು. ಅದನ್ನು ಕೇಳಲು ಅವನ ಬಳಿ ಇದ್ದದ್ದು ಈ ವ್ರತ ಒಂದೇ. ಲಾಠಿಯ ಗುರುತಿಲ್ಲ, ಜೈಲಿನ ಚೀಟಿಯಿಲ್ಲ. ವ್ರತ ಮುರಿಯಿತೆಂದು ಊರಿಗೆ ಗೊತ್ತಾದರೆ ಉಳಿಯುವುದು ಬರೀ ಹಿಂಡಿಯಂಗಡಿಯ ಶಿವಯೋಗೆಪ್ಪ.

ಆ ವರ್ಷ ಬೇಸಿಗೆಯ ಕೊನೆಗೆ ಬಬಲೇಶ್ವರದ ಸುತ್ತ ಕಾಲರಾ ಬಿತ್ತು.

ನಾವು ಕೆಲವರು ಸ್ವಯಂಸೇವಕರಾಗಿ ಬಬಲೇಶ್ವರದ ಧರ್ಮಶಾಲೆಯಲ್ಲಿ ರೋಗಿಗಳಿಗೆ ಹಾಸಿಗೆ ಹಾಕಿದೆವು. ವಿಜಾಪುರದಿಂದ ಡಾಕ್ಟರ್ ಅಲ್ಲಾಉದ್ದೀನ ಬಂದಿದ್ದರು. ಕುಳ್ಳ ಮನುಷ್ಯ, ಸಿಡುಕ, ಬೀಡಿ ಬಿಡಲಾರದವರು. ಕಾಲರಾ ಬಂದವರ ಮೈಯಿಂದ ನೀರಿನ ಜೊತೆ ಉಪ್ಪೂ ಹರಿದು ಹೋಗುತ್ತದೆ, ಎರಡನ್ನೂ ಒಟ್ಟಿಗೆ ತುಂಬಿದರೆ ಮನುಷ್ಯ ಉಳಿಯುತ್ತಾನೆ ಎಂದು ಅವರು ನಮಗೆ ಮೊದಲ ದಿನವೇ ಹೇಳಿದರು. ಕುಡಿಯಬಲ್ಲವರಿಗೆ ಉಪ್ಪು ಹಾಕಿದ ಗಂಜಿ. ಕುಡಿಯಲಾರದವರಿಗೆ ಕುದಿಸಿದ ನೀರಿನಲ್ಲಿ ತೂಕ ಮಾಡಿ ಉಪ್ಪು ಕರಗಿಸಿ, ಬಾಟ್ಲಿಗೆ ತುಂಬಿ, ರಬ್ಬರಿನ ನಳಿಯಿಂದ ನರಕ್ಕೆ ಏರಿಸುವುದು.

ಕಷ್ಟ ಇದ್ದದ್ದು ಬಾಟ್ಲಿಯಲ್ಲಲ್ಲ, ಜನರ ತಲೆಯಲ್ಲಿ. ಮನೆಯಲ್ಲಿ ಇಂಥ ಬೇನೆ ಬಂದರೆ ಅಮ್ಮ ಬಂದಿದ್ದಾಳೆಂದು ಒಗ್ಗರಣೆ ನಿಲ್ಲಿಸುತ್ತಾರೆ, ಉಪ್ಪು ಬಿಡುತ್ತಾರೆ. ಬೇನೆಯವರಿಗೂ ಸಪ್ಪಗಿನದೇ, ಮನೆಯವರಿಗೂ ಸಪ್ಪಗಿನದೇ. ಉಪ್ಪು ಬಿದ್ದರೆ ಅಮ್ಮ ಉರಿಯುತ್ತಾಳೆ ಎಂಬ ನಂಬಿಕೆ. ನಾವು ಮನೆಮನೆಗೆ ಹೋಗಿ, ಕೈಮುಗಿದು, ಬೈದು, ಹೆದರಿಸಿ, ಅಂತೂ ಉಪ್ಪಿನ ಗಂಜಿ ಕುಡಿಸುವ ಮಟ್ಟಿಗೆ ತಂದೆವು. ಹತ್ತಿರದ ಜೈನಾಪುರದವರು ಮಾತ್ರ ಇನ್ನೂ ಅನುಮಾನದಲ್ಲಿದ್ದರು.

ಇಂಥದ್ದರ ನಡುವೆ ಲವಣತ್ಯಾಗಿ ಭಾಷಣಕ್ಕೆ ಬಂದ. 'ಶುದ್ಧ ಜಲ, ಶುದ್ಧ ಜೀವನ' ಎಂದು ಕರಪತ್ರ ಅಚ್ಚು ಹಾಕಿಸಿದ್ದ. ನಮ್ಮ ಹಾಸಿಗೆಗಳ ಹತ್ತಿರ ಮಾತ್ರ ಸುಳಿಯಲಿಲ್ಲ. ಮೂಗಿಗೆ ಧೋತರದ ಸೆರಗು ಒತ್ತಿಕೊಂಡು ದೂರದಿಂದಲೇ ಕೈ ಎತ್ತಿದ. ಭಾಷಣ ಮುಗಿಸಿ ಯಾರದೋ ಮನೆಯಲ್ಲಿ ಹೋಳಿಗೆ ಉಂಡು, ಅವರದೇ ಹಾಳುಬಾವಿಯ ನೀರು ಕುಡಿದು, ಶುದ್ಧ ಜಲದ ಮೇಲೆ ಇನ್ನೊಂದಿಷ್ಟು ಮಾತಾಡಿ ಮಲಗಿದ. ಮರುದಿನ ಮಧ್ಯಾಹ್ನ ಅವನನ್ನು ಹೊರಸಿನ ಮೇಲೆ ಹೊತ್ತು ತಂದರು. ಟಿಕೋಟದಿಂದ ನೀಲಾಬಾಯಿಯೂ ಬಂದಳು.

ಕಣ್ಣು ಗುಳಿಬಿದ್ದಿದ್ದವು. ಬೆರಳ ತುದಿಗಳು ಅಗಸನ ಬೆರಳಿನಂತೆ ಮುದುಡಿದ್ದವು. ವೇದಿಕೆ ನಡುಗಿಸುತ್ತಿದ್ದ ಗಂಟಲಿನಿಂದ ಬೆಕ್ಕಿನ ಮರಿಯ ಸ್ವರ ಬರುತ್ತಿತ್ತು. ಡಾಕ್ಟರು ಬಾಟ್ಲಿ ತೂಗುಹಾಕಿದ್ದನ್ನು ನೋಡಿ ಅವನು ಮೊದಲು ಕೇಳಿದ್ದು ಬದುಕುತ್ತೇನೋ ಇಲ್ಲವೋ ಎಂದಲ್ಲ.

"ಅದರಾಗ... ಉಪ್ಪು ಐತೇನ್ರಿ?"

"ಹೌದ್ರಿ. ಅದಕ್ಕಂತನ ಏರಸೂದು."

"ಉಪ್ಪು ಬ್ಯಾಡ. ಬರೇ ನೀರು ಏರಸ್ರಿ. ನನ್ನ ವ್ರತ..."

"ಬರೇ ನೀರು ಏರಿಸಿದ್ರ ಕಾಲರಾ ಕೊಲ್ಲೂಕಿಂತ ಮೊದಲ ನಾನ ನಿಮ್ಮನ್ನ ಕೊಂದಂಗ" ಎಂದರು ಡಾಕ್ಟರು. "ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲಂದ್ರ ನಿಮ್ಮ ರಕ್ತಾನ ಕೇಳೂಣಂತ."

ಅವನ ಬೆರಳಿಗೆ ಸೂಜಿ ಚುಚ್ಚಿದರು. ರಕ್ತ ಕಾಕಂಬಿಯಂತೆ ಗಟ್ಟಿಯಾಗಿತ್ತು, ಹಿಂಡಿದರೆ ಹನಿ ಬಂತು. ಎರಡು ಗಾಜಿನ ನಳಿಗೆಗಳಲ್ಲಿ ಒಂದರಲ್ಲಿ ಬರೀ ಕುದಿಸಿದ ನೀರು, ಇನ್ನೊಂದರಲ್ಲಿ ಬಾಟ್ಲಿಯ ಉಪ್ಪುನೀರು. ಎರಡಕ್ಕೂ ಒಂದೊಂದು ಹನಿ ಬಿಟ್ಟು ಅಲುಗಿಸಿದರು. ಎರಡೂ ಕೆಂಪಾದವು. ಉಪ್ಪುನೀರಿನದು ಕೆಮ್ಮಣ್ಣು ಕದಡಿದ ಹಾಗೆ ಮಬ್ಬಾಗಿ ಉಳಿಯಿತು. ಬರೀ ನೀರಿನದು ನೋಡುನೋಡುತ್ತಿದ್ದಂತೆ ತಿಳಿಯಾಯಿತು, ಕೆಂಪು ಶರಬತ್ತಿನ ಹಾಗೆ. ಡಾಕ್ಟರು ಕೈಗೆ ಸಿಕ್ಕ ಕಾಗದವನ್ನು ನಳಿಗೆಗಳ ಹಿಂದೆ ಹಿಡಿದರು. ಅದು ಅವನದೇ ಕರಪತ್ರ. ಉಪ್ಪುನೀರಿನ ಹಿಂದೆ ಒಂದಕ್ಷರ ಕಾಣಲಿಲ್ಲ. ಬರೀ ನೀರಿನ ಹಿಂದೆ 'ಲವಣತ್ಯಾಗಿ ಶಿವಯೋಗೆಪ್ಪನವರು' ಎಂಬುದು ಕೆಂಪಗೆ, ಸ್ಪಷ್ಟವಾಗಿ ಕಾಣಿಸಿತು.

"ಓದಾಕ ಬರತೈತಿಲ್ರಿ? ಯಾಕ ಬರತೈತಿ ಹೇಳ್ಲಿ? ನಿಮ್ಮ ರಕ್ತದ ಕಣ ಎಲ್ಲಾ ಒಡದು ಹೋಗ್ಯಾವ. ಅಡ್ಡ ನಿಲ್ಲಾಕ ಒಂದೂ ಉಳದಿಲ್ಲ."

ಆಮೇಲೆ ಅವರು ವಿವರಿಸಿದ್ದು ನನಗೆ ಇಂದಿಗೂ ನೆನಪಿದೆ. ರಕ್ತದ ಕಣವೆಂದರೆ ಒಳಗೆ ಉಪ್ಪಿನಂಶ ಇರುವ ಒಂದು ಪುಟ್ಟ ಚೀಲ. ಅದರ ತೊಗಲು ನೀರನ್ನು ಹೋಗಬಿಡುತ್ತದೆ, ಬರಬಿಡುತ್ತದೆ. ಉಪ್ಪನ್ನು ಮಾತ್ರ ಹಾಗೆ ಬಿಡುವುದಿಲ್ಲ. ಉಪ್ಪಿನಂಶ ಯಾವ ಕಡೆ ಹೆಚ್ಚೋ ನೀರು ಆ ಕಡೆ ನಡೆಯುತ್ತದೆ. ಹೊರಗೆ ಸಪ್ಪೆ ನೀರಿದ್ದರೆ ಅದು ಒಳಗೆ ನುಗ್ಗಿ ಚೀಲ ಉಬ್ಬುತ್ತದೆ, ಬಿರಿಯುತ್ತದೆ. ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ಅಭಿಸರಣೆ ಎಂಬ ಹೆಸರಿದೆಯಂತೆ. ಡಾಕ್ಟರು ಆ ಹೆಸರು ಹೇಳಲಿಲ್ಲ. "ಒಣದ್ರಾಕ್ಷಿ ನೀರಾಗ ಹಾಕಿದ್ರ ಉಬ್ಬತೈತಿಲ್ಲ, ಹಂಗ. ದ್ರಾಕ್ಷಿ ತೊಗಲ ದಪ್ಪ, ತಡೀತೈತಿ. ಇದು ತಡಿಯೂದಿಲ್ಲ" ಎಂದರು.

"ಹಂಗಾರ ಉಪ್ಪು ಬಾಳ ಹಾಕಿದ್ರ ಚಲೋನ?" ಎಂದು ಕೇಳಿದವಳು ನೀಲಾಬಾಯಿ.

"ಇಲ್ಲವ್ವಾ. ಸೌತಿಕಾಯಿ ಹೆಚ್ಚಿ ಉಪ್ಪು ಸವರಿದ್ರ ಏನಾಕ್ಕೈತಿ?"

"ನೀರ ಬಿಟ್ಟು ಬಾಡಿ ಬೀಳತೈತಿ."

"ಹಂಗ ಆ ಕಣ ಬಾಡತಾವ. ಒಳಗ ಎಷ್ಟೋ ಹೊರಗ ಅಷ್ಟ ಇರಬೇಕು. ಆಗ ಉಬ್ಬೂದೂ ಇಲ್ಲ, ಬಾಡೂದೂ ಇಲ್ಲ. ಅದಕ್ಕ ನಾ ತಕ್ಕಡಿ ಇಟಗೊಂಡು ಕುಂತೇನಿ."

ಶಿವಯೋಗೆಪ್ಪ ನಳಿಗೆಯನ್ನೇ ನೋಡುತ್ತಿದ್ದ. ತನ್ನ ಹೆಸರು ತನ್ನದೇ ಒಡೆದ ರಕ್ತದಲ್ಲಿ ತೇಲುವುದನ್ನು ನೋಡಿದರೆ ಬೇರೆ ಯಾರಾದರೂ ತೆಪ್ಪಗೆ ತೋಳು ಚಾಚುತ್ತಿದ್ದರು. ಇವನು ವ್ಯಾಪಾರಕ್ಕಿಳಿದ.

"ಡಾಕ್ಟರ ಸಾಹೇಬ್ರ... ಸೈಂಧವ ಹಾಕಾಕ ಬರೂದಿಲ್ಲೇನ್ರಿ?"

ಡಾಕ್ಟರು ಅವನ ಮುಖ ನೋಡಿದರು. ಬೀಡಿ ತೆಗೆದು ಮತ್ತೆ ಕಿಸೆಗೆ ಹಾಕಿಕೊಂಡರು. ನೀಲಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏರಸ್ರಿ ಡಾಕ್ಟರ, ಇವ್ರನೇನ ಕೇಳ್ತೀರಿ? ಸಾಯಾಕ ಹತ್ತಿದ್ರೂ ಚೌಕಾಶಿ ಬಿಡೂದಿಲ್ಲ ಈ ಮನಶ್ಯಾ" ಎಂದು ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು.

ಅವನು ಎಳೆದುಕೊಳ್ಳಲಿಲ್ಲ. "ಈ ಮಾತು ಈ ಖೋಲಿ ಬಿಟ್ಟು ಹೊರಗ ಹೋಗಬಾರದು" ಎಂದಷ್ಟೇ ಹೇಳಿದ. ಹೇಳುವಾಗ ಎಚ್ಚರವಾಗಿಯೇ ಇದ್ದ, ಇದನ್ನು ಓದುವವರು ಗಮನಿಸಬೇಕು. ಸೂಜಿ ಹೋಯಿತು, ಬಾಟ್ಲಿಗಳು ಒಂದರ ಹಿಂದೊಂದು ಇಳಿದವು. ಸಂಜೆಗೆ ಅವನ ನಾಡಿ ಕೈಗೆ ಸಿಕ್ಕಿತು, ಗಂಟಲು ತೆರೆಯಿತು. ಎರಡು ದಿನಕ್ಕೆ ಎದ್ದು ಕುಂತು ಕನ್ನಡಿ ಕೇಳಿದ.

ಹೊರಗೆ ಜನ ನೆರೆದಿದ್ದರು. ಬಾಗಿಲಿಗೆ ಬಂದು, ಬಿದ್ದುಹೋಗುವವನಂತೆ ಕಂಬ ಹಿಡಿದು, ಅವನು ಭಾಷಣ ಮಾಡಿದ. "ಯಮನ ಬಾಗಲಾ ಬಡದು ಬಂದೇನಿ. ಉಪ್ಪು ಏರಸ್ತೀವಂದ್ರು, ನಾ ಒಲ್ಲೆ ಅಂದೆ. ಬರೇ ಶುದ್ಧ ನೀರು ಏರಸ್ರಿ, ಉಳದ್ರ ಉಳೀತೇನಿ, ಹೋದ್ರ ಹೋಗ್ತೇನಿ ಅಂದೆ. ಬರೇ ನೀರಿನ ಮ್ಯಾಲೆ ಬದುಕೇನಿ. ವ್ರತ ಮುರಿದಿಲ್ಲ!"

ಜೈಕಾರ ಎದ್ದಿತು. ನಾನು ಒಳಗೆ ಓಡಿ ಡಾಕ್ಟರಿಗೆ ಹೇಳಿದೆ. ಅವರು ಇನ್ನೊಬ್ಬನ ನರ ಹುಡುಕುತ್ತ ಬಗ್ಗಿದ್ದರು, ಬಂದು ನೋಡುವ ಪುರುಸೊತ್ತಿರಲಿಲ್ಲ. ನಾವು ಕೆಲವರು ಅಲ್ಲಿಯೇ ಕೂಗಿ ಸುಳ್ಳೆಂದೆವು. ಜೈಕಾರದಲ್ಲಿ ನಮ್ಮ ಕೂಗು ಯಾರಿಗೆ ಕೇಳಬೇಕು?

ಸುಳ್ಳಿಗೆ ಎಲ್ಲ ಕಡೆ ಜಾಗ ಸಿಗುವುದಿಲ್ಲ. ಈ ಸುಳ್ಳಿಗೆ ಸಿಕ್ಕಿತು. ಯಾಕೆಂದರೆ ಉಪ್ಪು ಬೇಡವೆಂದು ಜನ ಮೊದಲೇ ನಂಬಿದ್ದರು. ನಾವು ಮನೆಮನೆ ತಿರುಗಿ ಕಿತ್ತದ್ದನ್ನು ಇವನು ಒಂದು ಮಾತಿನಲ್ಲಿ ಮತ್ತೆ ನೆಟ್ಟ. "ಸಾವಕಾರ್ರು ಬರೇ ನೀರಿನಾಗ ಆರಾಮ ಆದ್ರಂತ, ನಮಗ್ಯಾಕ ನಿಮ್ಮ ಉಪ್ಪು?" ಎಂದು ಹೆಂಗಸರು ಗಂಜಿಯ ತಂಬಿಗೆ ವಾಪಸು ಕೊಟ್ಟರು.

ಜೈನಾಪುರದಲ್ಲಿ ಖಂಡಪ್ಪ ಎಂಬ ಕೂಲಿಯವನ ಹೆಂಡತಿ ಲಕ್ಕವ್ವನಿಗೆ ಬೇನೆ ಹತ್ತಿತು. ಆ ಸೀಮೆಯಲ್ಲಿ ಯಲಗೂರಪ್ಪ ಎಂಬವನು ಕಂಪೌಂಡರನೆಂದು ತಿರುಗುತ್ತಿದ್ದ. ಎಲ್ಲೋ ದವಾಖಾನೆಯಲ್ಲಿ ಬಾಟ್ಲಿ ತೊಳೆದವನು. ಸೂಜಿ, ನಳಿ ಅವನ ಬಳಿಯೂ ಇದ್ದವು. ಖಂಡಪ್ಪ ಅವನ ಕಾಲು ಹಿಡಿದು ಕೇಳಿದ: "ಟಿಕೋಟದ ಸಾವಕಾರ್ರಿಗೆ ಏರಿಸಿದ ನೀರಾನ ಏರಸೋ ಯಪ್ಪಾ. ಉಪ್ಪು ಬ್ಯಾಡ." ಯಲಗೂರಪ್ಪನಿಗೂ ಅದೇ ಸುಲಭ. ನೀರು ಕುದಿಸಿದ, ಆರಿಸಿದ, ಏರಿಸಿದ.

ಲಕ್ಕವ್ವನನ್ನು ಬಂಡಿಯಲ್ಲಿ ನಮ್ಮ ಕಡೆ ತಂದಾಗ ಮೈ ಗಡಗಡ ನಡುಗುತ್ತಿತ್ತು. ಸೀರೆಗೆ ಹತ್ತಿದ ಮೂತ್ರ ಕರಿಬೆಲ್ಲದ ನೀರಿನ ಬಣ್ಣಕ್ಕಿತ್ತು. ಡಾಕ್ಟರು ಅದನ್ನು ನೋಡಿದವರೇ ಖಂಡಪ್ಪನನ್ನು ಕೇಳಿದರು.

"ಏನ್ ಏರಿಸಿದ್ರಲೇ ಇಕಿಗೆ?"

"ನೀರ್ರಿ. ಬರೇ ನೀರು."

ಡಾಕ್ಟರು ಗೋಡೆಗೆ ತಲೆ ಆನಿಸಿ ನಿಂತರು. ಆಮೇಲೆ ತಮಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದರು. ನಳಿಗೆಯಲ್ಲಿ ನಾವು ಕಂಡದ್ದೇ ಅವಳ ಮೈಯೊಳಗೆ ನಡೆದಿತ್ತು. ಮರುದಿನ ಹೊತ್ತು ಏರುವ ಮೊದಲು ಲಕ್ಕವ್ವ ಸತ್ತಳು.

ಉಪ್ಪಿಲ್ಲದ ನೀರೇ ಅವಳನ್ನು ಕೊಂದಿತೆಂದು ಡಾಕ್ಟರು ಹೇಳಿದರೆ ಖಂಡಪ್ಪ ನಂಬಲಿಲ್ಲ. "ಸಾವಕಾರ್ರಿಗ್ಯಾಕ ಏನೂ ಆಗಲಿಲ್ರಿ ಮತ್ತ?" ಎಂದು ಕೇಳಿದ. ಅವನ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಉತ್ತರ ಇದ್ದದ್ದು ಟಿಕೋಟದಲ್ಲಿ.

ನಾನು ಟಿಕೋಟಕ್ಕೆ ಹೋದೆ. ಶಿವಯೋಗೆಪ್ಪ ಕಟ್ಟೆಯ ಮೇಲೆ ಲೋಡಿಗೆ ಒರಗಿ ಹಾಲು ಕುಡಿಯುತ್ತಿದ್ದ. ನಡೆದದ್ದನ್ನೆಲ್ಲ ಹೇಳಿ, "ಒಂದು ಮಾತು ಸಾಕು. ನನಗ ಏರಿಸಿದ್ದು ಉಪ್ಪುನೀರು ಅಂತ ಊರ ಮುಂದ ಹೇಳ್ರಿ. ಇಲ್ಲಂದ್ರ ಇನ್ನೂ ಹೆಣ ಬೀಳತಾವ" ಎಂದೆ.

"ಸಾಯೂದು ಬದುಕೂದು ಶಿವನ ಕೈಯಾಗ ಐತಿ" ಎಂದ. ಮೀಸೆಯ ಮೇಲಿನ ಕೆನೆ ಒರೆಸಿಕೊಂಡ. "ನನ್ನ ಮಾತಿನ ಮ್ಯಾಲೆ ಸಾವಿರ ಮಂದಿ ನಂಬಿಕಿ ಇಟ್ಟಾರ. ಅದನ್ನ ಒಡೀಬಾರದು. ಸ್ವರಾಜ್ಯ ಬರಲಿ, ಆಮ್ಯಾಲೆ ಹೇಳೂಣಂತ."

"ಆಮ್ಯಾಲೆ ಯಾರಿಗೆ ಹೇಳ್ತೀರಿ? ಹೆಣಕ್ಕ?"

"ಏ, ದನಿ ಇಳಿಸಿ ಮಾತಾಡು. ಬರೂ ಸೋಮವಾರ ಇಲ್ಲೇ ನನ್ನ ಸತ್ಕಾರ ಐತಿ, ಊಟಕ್ಕ ಬಾ" ಎಂದ.

ಒಳಬಾಗಿಲಲ್ಲಿ ನೀಲಾಬಾಯಿ ನಿಂತಿದ್ದಳು. "ಸತ್ತಾಕಿ ಹೆಸರೇನು?" ಎಂದು ಕೇಳಿದಳು. ಹೇಳಿದೆ. ಕೇಳಿಕೊಂಡು ಒಳಗೆ ಹೋದಳು.

ಸೋಮವಾರ ಅವನ ಮನೆಯ ಮುಂದೆ ಚಪ್ಪರ ಹಾಕಿದ್ದರು. ಬಬಲೇಶ್ವರದಿಂದ, ಅರಕೇರಿಯಿಂದಲೂ ಜನ ಬಂದಿದ್ದರು. ಜೈನಾಪುರದ ನಾಲ್ಕಾರು ಮಂದಿಯ ಜೊತೆ ಖಂಡಪ್ಪನೂ ಬಂದಿದ್ದ. ಸಾಹುಕಾರನ ಬಾಯಿಂದಲೇ ಕೇಳಬೇಕೆಂದು ಹಟ ಹಿಡಿದು ನಡೆದುಕೊಂಡು ಬಂದಿದ್ದ. ಶಿವಯೋಗೆಪ್ಪ ಹಾರದೊಳಗೆ ಗದ್ದದವರೆಗೆ ಮುಳುಗಿ, "ಬರೇ ನೀರಿನ ಮ್ಯಾಲೆ..." ಎಂದು ಶುರು ಮಾಡಿದ.

"ಸುಳ್ಳ!" ಎಂಬ ದನಿ ಹಿಂದಿನಿಂದ ಬಂತು. ನೀಲಾಬಾಯಿ ಹಿಟ್ಟಿನ ಕೈಯಲ್ಲಿಯೇ ಹೊರಗೆ ಬಂದಿದ್ದಳು. "ಉಪ್ಪನೀರ ಏರಿಸ್ಯಾರ. ತೋಳ ಹಿಡದಾಕಿ ನಾ. ಇವ್ರ ಮಾತ ಕೇಳಿ ಜೈನಾಪುರದಾಗ ಒಬ್ಬಾಕಿ ಸತ್ತಾಳ."

ಶಿವಯೋಗೆಪ್ಪನ ಮುಖ ಕಪ್ಪಿಟ್ಟಿತು. ಆದರೆ ಇಂಥವರ ನಾಲಗೆ ಮುಖಕ್ಕಿಂತ ಬೇಗ ಚೇತರಿಸಿಕೊಳ್ಳುತ್ತದೆ. ಕುರ್ಚಿ ಕಣ್ಣೆದುರೇ ಜಾರುತ್ತಿತ್ತು; ಕೈಗೆ ಸಿಕ್ಕಿದ್ದನ್ನು ಹಿಡಿದ. ಸಿಕ್ಕಿದ್ದು ತನ್ನನ್ನು ಬದುಕಿಸಿದವನ ಕೊರಳು.

"ನನಗ ಎಚ್ಚರ ಇರಲಿಲ್ಲ! ಆ ಡಾಕ್ಟರ ನನ್ನ ವ್ರತ ಕೆಡಿಸಬೇಕಂತ ಮೋಸದಿಂದ ಉಪ್ಪು ಏರಿಸ್ಯಾನ. ಅಂವ ಯಾರವ, ನಮ್ಮಂವೇನು? ಅಂವಗ ನಮ್ಮ ವ್ರತದ ಬೆಲೆ ಏನ್ ಗೊತ್ತು?"

ಆ ದಿನಗಳಲ್ಲಿ ಇಂಥ ಮಾತಿಗೆ ಊರು ಸುಡಬಹುದಿತ್ತು. ಅದು ಗೊತ್ತಿದ್ದೇ ಆಡಿದ. ಒಂದಿಬ್ಬರು ತೋಳು ಏರಿಸಿಯೂ ಆಗಿತ್ತು. ಅಷ್ಟರಲ್ಲಿ ನೀಲಾಬಾಯಿ ನಕ್ಕುಬಿಟ್ಟಳು.

"ಡಾಕ್ಟರಗ ಮೋಸ ಮಾಡೂದ ಇದ್ರ ನೀವ್ ಕೇಳಿದಂಗ ಬರೇ ನೀರ ಏರಸ್ತಿದ್ರು. ಇಷ್ಟೊತ್ತಿಗೆ ಈ ಕೊರಳಾಗಿನ ಮಾಲಿ ನಿಮ್ಮ ಫೋಟೋಕ್ಕ ಬೀಳತಿತ್ತು. ಎಚ್ಚರ ಇರಲಿಲ್ಲಂತ! ಎಚ್ಚರ ಇಲ್ಲದಂವ ಸೈಂಧವ ಹಾಕ್ರಿ ಅಂತ ಬೇಡ್ಕೋತಾನೇನು?"

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಚಪ್ಪರಕ್ಕೆ ಚಪ್ಪರವೇ ನಕ್ಕಿತು. ತೋಳು ಏರಿಸಿದ್ದವರು ತೋಳು ಇಳಿಸಿದರು. ಖಂಡಪ್ಪ ಮಾತ್ರ ನಗಲಿಲ್ಲ. ಜನರನ್ನು ಸರಿಸಿಕೊಂಡು ಮುಂದೆ ಬಂದು ನಿಂತ.

"ಸಾವಕಾರ್ರ, ಮೋಸನೋ ಗೀಸನೋ ನನಗ ಬ್ಯಾಡ. ಆ ನೀರಾಗ ಉಪ್ಪು ಇತ್ತೋ, ಇಲ್ಲೋ?"

"ನಾ ಹೇಳಿದ್ನಲ್ಲ, ಮೋಸದಿಂದ..."

"ಇತ್ತೋ, ಇಲ್ಲೋ?"

ಶಿವಯೋಗೆಪ್ಪ ಸುತ್ತ ನೋಡಿದ. ಇಲ್ಲವೆಂದರೆ ಈಗ ತಾನೇ ಆಡಿದ ಮಾತು ನುಂಗಬೇಕು. "ಇತ್ತು" ಎಂದ.

ಖಂಡಪ್ಪ ಅವನ ಕಾಲ ಬುಡಕ್ಕೆ ಉಗುಳಿದ. "ಕೇಳಿದ್ರಿಲ್ಲೋ? ಉಪ್ಪು ಇತ್ತಂತ" ಎಂದು ತನ್ನವರ ಕಡೆ ತಿರುಗಿ, "ನಡೀರಿ" ಎಂದ. ಊಟಕ್ಕೆ ಒಬ್ಬರೂ ಕೂಡಲಿಲ್ಲ.

ನಮ್ಮ ಇಷ್ಟು ದಿನದ ಬೋಧನೆಯಿಂದ ಆಗದ್ದು ಆ ಹಲ್ಕಟ್ಟನ ಒಂದು ಮಾತಿನಿಂದ ಆಯಿತು. ಅದೂ ಅವನು ತನ್ನ ತೊಗಲು ಉಳಿಸಿಕೊಳ್ಳಲು ಆಡಿದ ಮಾತು. ಜೈನಾಪುರದವರು ಬೇನೆ ಹತ್ತಿದವರನ್ನು ಬಂಡಿ ಹೂಡಿಕೊಂಡು ತರತೊಡಗಿದರು. ಅದಕ್ಕಾಗಿ ಅವನಿಗೆ ಪುಣ್ಯ ಹಚ್ಚುವವರು ಹಚ್ಚಲಿ, ನಾನಂತೂ ಹಚ್ಚುವುದಿಲ್ಲ. ಮುಂದೆ ಸ್ವರಾಜ್ಯ ಬಂತು, ಕುರ್ಚಿಗಳೂ ಬಂದವು. ಅವನಿಗೆ ಯಾವುದೂ ಸಿಗಲಿಲ್ಲ. ಸಿಕ್ಕವರು ಅವನಿಗಿಂತ ಉತ್ತಮರಾಗಿದ್ದರು ಎಂದು ನಾನು ಹೇಳಲಾರೆ. ಇವನು ಅಂಗಡಿಯಲ್ಲಿ ಹಿಂಡಿ ತೂಗುತ್ತ, ದೇಶ ತನಗೆ ದ್ರೋಹ ಮಾಡಿತೆಂದು ಗಿರಾಕಿಗಳ ಮುಂದೆ ಗೊಣಗುತ್ತ ಮುದುಕನಾದ.

ಬಬಲೇಶ್ವರದ ಧರ್ಮಶಾಲೆಯಲ್ಲಿ ಆ ವಾರವೇ ಜೈನಾಪುರದ ಮುದುಕಿಯೊಬ್ಬಳು ತನ್ನ ಮಗನ ತೋಳನ್ನು ಡಾಕ್ಟರ ಮುಂದೆ ಚಾಚಿ ಹಿಡಿದು ಹೇಳಿದಳು:

"ಟಿಕೋಟದ ಸುಳ್ಳಗಾರಗ ಎಷ್ಟ ಹಾಕಿದ್ರಿ ಅಷ್ಟ ಉಪ್ಪು ಹಾಕೋ ಯಪ್ಪಾ. ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ."